ಒಮ್ಮೆಗೇ ಬಂದ ಹಣ ಶ್ರೀಮಂತಿಕೆ ಅಲ್ಲ

ಎರಡು ತಿಂಗಳ ಹಿಂದೆ ಅಸರ್ ನಮಾಝ್ ಮುಗಿಸಿ ಮದ್ರಸದ ಜಗಲಿಯಲ್ಲಿ ಕೂತಿದ್ದೆ. ಐದನೇ ತರಗತಿಯ ಹುಡುಗನೊಬ್ಬನ ಉಮ್ಮ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಕಟ್ಟು ಕಾಗದ ಹಿಡಿದುಕೊಂಡು ಬಂದರು. “ಉಸ್ತಾದ್, ಏಳು ತಿಂಗಳಿಂದ ಗೃಹಲಕ್ಷ್ಮಿ ಹಣ ಬರುವುದಿಲ್ಲ. ಕೇಳಿದರೆ, ನಿಮ್ಮ ಗಂಡ ಇನ್‌ಕಂ ಟ್ಯಾಕ್ಸ್ ಕಟ್ಟುವವರು ಅಂತ ಕಂಪ್ಯೂಟರಿನಲ್ಲಿ ತೋರಿಸ್ತದೆ ಅಂತಾರೆ. ಬೀಡಿ ಕಟ್ಟಿ ಬದುಕುವ ಮನೆಗೆ ಎಂತ ಟ್ಯಾಕ್ಸ್?” ಎಂದು ಕೇಳಿದರು.

ನನಗೂ ಆಶ್ಚರ್ಯವಾಯಿತು. ಆ ಮನೆ ನನಗೆ ಗೊತ್ತು. ಗಂಡ ಹದಿನೆಂಟು ವರ್ಷ ಗಲ್ಫಿನಲ್ಲಿ ದುಡಿದು, ಬೆನ್ನು ನೋವು ಹಿಡಿಸಿಕೊಂಡು ಊರಿಗೆ ಬಂದವರು. ಈಗ ಭಾರದ ಕೆಲಸ ಆಗುವುದಿಲ್ಲ. ಕಾಗದ ಒಂದೊಂದಾಗಿ ಬಿಡಿಸಿ ನೋಡಿದಾಗ ವಿಷಯ ತಿಳಿಯಿತು.

ಅವರ ಕಂಪೆನಿ ಕೊನೆಯ ಒಂಬತ್ತು ತಿಂಗಳು ಸಂಬಳ ಕೊಟ್ಟಿರಲಿಲ್ಲ. ಅಲ್ಲಿನ ಕೋರ್ಟಿಗೆ ಅಲೆದ ಮೇಲೆ ಬಾಕಿ ಸಂಬಳ ಮತ್ತು ಸರ್ವಿಸಿನ ಹಣ ಒಟ್ಟಿಗೆ ಸಿಕ್ಕಿತು. ಅಷ್ಟು ತಿಂಗಳು ಇಲ್ಲಿ ಮನೆ ನಡೆದದ್ದು ಸಾಲದಲ್ಲಿ. ಸಾಲ ತೀರಿಸಿ ಉಳಿದದ್ದು 4 ಲಕ್ಷ. ಮಗಳ ಮದುವೆಗೆಂದು ಅದನ್ನು ಊರಿನ ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟರು. ಆದರೆ ಖಾತೆ ಇದ್ದದ್ದು ಹೊರದೇಶದಲ್ಲಿರುವವರ ಎನ್‌ಆರ್‌ಒ ಖಾತೆ. ‘ನಾನು ಊರಿಗೆ ಬಂದು ಬಿಟ್ಟಿದ್ದೇನೆ’ ಎಂದು ಇವರು ಬ್ಯಾಂಕಿಗೆ ಹೇಳಲಿಲ್ಲ, ಬ್ಯಾಂಕಿನವರು ಕೇಳಲೂ ಇಲ್ಲ. ಎನ್‌ಆರ್‌ಒ ಬಡ್ಡಿಗೆ ಮೊದಲ ರೂಪಾಯಿಯಿಂದಲೇ ಶೇ. 30 ತೆರಿಗೆ ಮುರಿಯುತ್ತಾರೆ, ಅದರ ಮೇಲೆ ಶೇ. 4 ಸೆಸ್. ವರ್ಷದ ಬಡ್ಡಿ 28,000 ರೂಪಾಯಿ, ಮುರಿದದ್ದು 8,736 ರೂಪಾಯಿ.

ಕಂಪ್ಯೂಟರ್ ಅಂಗಡಿಯವರೊಬ್ಬರು, “ರಿಟರ್ನ್ ಹಾಕಿದರೆ ಅಷ್ಟೂ ವಾಪಸ್ ಬರ್ತದೆ ಕಾಕ” ಎಂದರು. ಹಾಕಿದರು, ಬಂತು ಕೂಡಾ. ಅದಾಗಿ ಕೆಲವೇ ತಿಂಗಳಿಗೆ ಹೆಂಡತಿಯ ತಿಂಗಳ 2,000 ರೂಪಾಯಿ ನಿಂತಿತು. ಏಳು ತಿಂಗಳಿಗೆ 14,000 ಆಯಿತು. ತನ್ನದೇ 8,736 ರೂಪಾಯಿ ವಾಪಸ್ ಕೇಳಿದ್ದಕ್ಕೆ ಆ ಮನೆ ತೆತ್ತ ಬೆಲೆ ಇದು.

ಇದು ಒಂದು ಮನೆಯ ಕಥೆ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ಗಲ್ಫಿನ ಬಾಕಿ, ಬೀಡಿಯ ತುಟ್ಟಿಭತ್ಯೆಯ ಬಾಕಿ, ಪಿಎಫ್, ಗ್ರಾಚ್ಯುಟಿ, ಅಪಘಾತದ ಪರಿಹಾರ, ಇವೆಲ್ಲ ನಮ್ಮ ಮನೆಗಳಿಗೆ ಬರುವುದೇ ಹೀಗೆ. ವರ್ಷಗಟ್ಟಲೆ ಏನೂ ಇಲ್ಲ, ಒಂದು ದಿನ ಒಟ್ಟಿಗೆ. ಆ ಒಂದು ದಿನದ ಪಾಸ್‌ಬುಕ್ ನೋಡಿದವರಿಗೆ ನಾವು ಶ್ರೀಮಂತರು.

ಮೊದಲು ರಿಫಂಡ್ ವಿಷಯ ನೋಡೋಣ. ತೆರಿಗೆ ವಾಪಸ್ ಬರುವುದು ಸರ್ಕಾರದ ದಾನ ಅಲ್ಲ, ಹೊಸ ಆದಾಯವೂ ಅಲ್ಲ. ಹೆಚ್ಚು ಮುರಿದದ್ದನ್ನು ಹಿಂದೆ ಕೊಡುವುದು. ರಿಫಂಡ್ ತಡವಾದರೆ ಅದರ ಮೇಲೆ ಬರುವ ಬಡ್ಡಿ ಮಾತ್ರ ಆದಾಯ, ಅಸಲು ಅಲ್ಲ. ಮುರಿದ ತೆರಿಗೆ ಪೂರ್ತಿ ವಾಪಸ್ ಬಂತೆಂದರೆ ಅದರ ಅರ್ಥ ಒಂದೇ: ಈ ಮನುಷ್ಯ ತೆರಿಗೆ ಕಟ್ಟಬೇಕಾದವನಲ್ಲ. ಆದಾಯ ತೆರಿಗೆ ಇಲಾಖೆಯೇ ಹಾಗೆ ಲೆಕ್ಕ ಮಾಡಿ ಹೇಳಿದ ಮೇಲೆ ಇನ್ನೊಂದು ಇಲಾಖೆಯ ಕಂಪ್ಯೂಟರ್ ಅವನನ್ನು ‘ತೆರಿಗೆ ಪಾವತಿದಾರ’ ಎಂದು ಗುರುತಿಸುವುದು ಯಾವ ನ್ಯಾಯ?

ಗೃಹಲಕ್ಷ್ಮಿಯ ನಿಯಮ ಹೇಳುವುದು ಮನೆಯ ಯಜಮಾನಿ ಅಥವಾ ಆಕೆಯ ಗಂಡ ಆದಾಯ ತೆರಿಗೆ ಪಾವತಿದಾರರಾಗಿರಬಾರದು, ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಾಗಿರಬಾರದು ಎಂದು. ಆದಾಯ ತೆರಿಗೆಯಲ್ಲಿ ರಿಟರ್ನ್ ಹಾಕುವುದು ಬೇರೆ, ತೆರಿಗೆ ಕಟ್ಟುವುದು ಬೇರೆ. ಬ್ಯಾಂಕ್ ಸಾಲಕ್ಕೆ ಕೇಳ್ತಾರೆಂದು ಆಟೋ ಓಡಿಸುವವನೂ ರಿಟರ್ನ್ ಹಾಕುತ್ತಾನೆ. ಇನ್ನೊಂದು ಕಡೆಯಿಂದಲೂ ನೋಡಿ. 2025-26ರಿಂದ ಹೊಸ ಪದ್ಧತಿಯಲ್ಲಿ ವರ್ಷಕ್ಕೆ 12 ಲಕ್ಷದವರೆಗಿನ ಸಾಮಾನ್ಯ ಆದಾಯಕ್ಕೆ ತೆರಿಗೆ ಇಲ್ಲ. ಬಿಪಿಎಲ್ ಕಾರ್ಡಿನ ಮಿತಿ ಇರುವುದು 1.20 ಲಕ್ಷ. ಹಾಗಾಗಿ ತೆರಿಗೆ ಇಲ್ಲ ಎನ್ನುವುದು ಬಡತನದ ಸಾಕ್ಷಿ ಅಲ್ಲ, ರಿಟರ್ನ್ ಹಾಕಿದ್ದು ಶ್ರೀಮಂತಿಕೆಯ ಸಾಕ್ಷಿಯೂ ಅಲ್ಲ. ಎರಡನ್ನೂ ತಿಳಿಯಬೇಕಾದರೆ ಕಾಗದ ತೆರೆದು ನೋಡಬೇಕು. ಪಟ್ಟಿಯಲ್ಲಿ ಪ್ಯಾನ್ ನಂಬರ್ ಉಂಟಾ ಇಲ್ಲವಾ ಎಂದು ನೋಡಿದರೆ ಸಾಲದು.

2024ರ ನವೆಂಬರ್‌ನಲ್ಲಿ ಆದದ್ದನ್ನು ನಾವು ಮರೆತಿಲ್ಲ. ಅನರ್ಹರನ್ನು ತೆಗೆಯುತ್ತೇವೆಂದು ರಾಜ್ಯದಲ್ಲಿ ಬಿಪಿಎಲ್ ಕಾರ್ಡುಗಳನ್ನು ರದ್ದು ಮಾಡುವುದು, ಎಪಿಎಲ್‌ಗೆ ಬದಲಿಸುವುದು ನಡೆಯಿತು. ಗದ್ದಲ ಆದ ಮೇಲೆ, ತೆರಿಗೆ ಪಾವತಿದಾರರು ಮತ್ತು ಸರ್ಕಾರಿ ನೌಕರರನ್ನು ಬಿಟ್ಟು ಉಳಿದ ಅರ್ಹರ ಕಾರ್ಡ್ ವಾಪಸ್ ಕೊಡುತ್ತೇವೆಂದು ಸರ್ಕಾರವೇ ಹೇಳಬೇಕಾಯಿತು. ಒಳ್ಳೆಯದೇ. ಆದರೆ ‘ತೆರಿಗೆ ಪಾವತಿದಾರ’ ಎಂದರೆ ಯಾರು ಎಂಬ ಪ್ರಶ್ನೆ ಅಲ್ಲಿಗೇ ನಿಂತಿತು. ರಿಫಂಡ್ ಪಡೆದವನ ಪಾಡು ಏನು ಎಂದು ಯಾರೂ ಕೇಳಲಿಲ್ಲ.

ಇನ್ನು ಬಾಕಿ ಸಂಬಳ. ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ಒಂದು ಮನೆಯ ವರ್ಷದ ಆದಾಯ 1 ಲಕ್ಷ ಎಂದಿಟ್ಟುಕೊಳ್ಳಿ. ಮೂರು ವರ್ಷದಿಂದ ಕೊಡದೆ ಇಟ್ಟಿದ್ದ ಕೂಲಿ ಬಾಕಿ 36,000 ರೂಪಾಯಿ ಈ ವರ್ಷ ಒಟ್ಟಿಗೆ ಬಂತು. ಈ ವರ್ಷದ ಆದಾಯ 1.36 ಲಕ್ಷ ಆಯಿತು, ಮಿತಿ ದಾಟಿತು. ಅದೇ ಹಣವನ್ನು ಅದು ಸೇರಬೇಕಾದ ಮೂರು ವರ್ಷಕ್ಕೆ ಹಂಚಿ ನೋಡಿ. ವರ್ಷಕ್ಕೆ 12,000, ಒಟ್ಟು 1.12 ಲಕ್ಷ. ಯಾವ ವರ್ಷವೂ ಮಿತಿ ದಾಟುವುದಿಲ್ಲ. ಧಣಿ ಸರಿಯಾದ ಸಮಯಕ್ಕೆ ಕೊಟ್ಟಿದ್ದರೆ ಈ ಮನೆಯ ಕಾರ್ಡಿಗೆ ಏನೂ ಆಗುತ್ತಿರಲಿಲ್ಲ. ತಡ ಮಾಡಿದವರು ಯಾರೋ, ಶಿಕ್ಷೆ ಕೂಲಿಯವರಿಗೆ.

ಹಂಚಿ ಲೆಕ್ಕ ಹಾಕುವುದು ನಾನು ಕಂಡುಹಿಡಿದ ಉಪಾಯ ಅಲ್ಲ. ಆದಾಯ ತೆರಿಗೆ ಕಾಯ್ದೆಯಲ್ಲೇ ಉಂಟು. ಸಂಬಳದ ಬಾಕಿ ಒಮ್ಮೆಗೇ ಬಂದು ತೆರಿಗೆ ಹೆಚ್ಚಾದರೆ, ಆ ಬಾಕಿ ಯಾವ ಯಾವ ವರ್ಷದ್ದೋ ಆಯಾ ವರ್ಷಕ್ಕೆ ಸೇರಿಸಿ ನೋಡಿ ರಿಯಾಯಿತಿ ಕೊಡಬೇಕೆಂದು ಅದು ಹೇಳುತ್ತದೆ. ಅದಕ್ಕೆ ಒಂದು ಫಾರಂ ಉಂಟು. ದೊಡ್ಡ ಸಂಬಳದ ನೌಕರರು ಅರಿಯರ್ಸ್ ಬಂದಾಗ ಇದನ್ನು ತುಂಬುತ್ತಾರೆ. ತೆರಿಗೆ ಕಟ್ಟುವವನಿಗೆ ಇರುವ ಈ ನ್ಯಾಯ ಅಕ್ಕಿ ತರುವವನಿಗೆ ಯಾಕಿಲ್ಲ? ನನ್ನ ವಾದ ಇಷ್ಟೇ.

ಬೇರೆ ದೇಶದವರೂ ಈ ತೊಂದರೆ ಕಂಡು ದಾರಿ ಮಾಡಿದ್ದಾರೆ. ಅಮೆರಿಕದಲ್ಲಿ ಬಡ ವೃದ್ಧರಿಗೆ, ಅಂಗವಿಕಲರಿಗೆ ಕೊಡುವ ಎಸ್‌ಎಸ್‌ಐ ಎಂಬ ಸಹಾಯಧನ ಉಂಟು. ಒಬ್ಬಂಟಿ ವ್ಯಕ್ತಿಯ ಹತ್ತಿರ 2,000 ಡಾಲರಿಗಿಂತ ಹೆಚ್ಚು ಸಂಪತ್ತು ಇದ್ದರೆ ಅದು ಸಿಗುವುದಿಲ್ಲ. ಆದರೆ ಅದೇ ಸಹಾಯಧನದ ಹಳೆ ಬಾಕಿ ಒಟ್ಟಿಗೆ ಬಂದರೆ, ಬಂದ ತಿಂಗಳ ನಂತರ ಒಂಬತ್ತು ತಿಂಗಳವರೆಗೆ ಆ ಹಣವನ್ನು ಸಂಪತ್ತಿನ ಲೆಕ್ಕಕ್ಕೆ ಸೇರಿಸುವುದಿಲ್ಲ. ಅಲ್ಲಿನ ಕೇಂದ್ರ ಸರ್ಕಾರದ ತೆರಿಗೆ ರಿಫಂಡ್ ಆದರೆ ಹನ್ನೆರಡು ತಿಂಗಳು. ಅಷ್ಟರಲ್ಲಿ ಮನುಷ್ಯ ಸಾಲ ತೀರಿಸಲಿ, ಮನೆ ರಿಪೇರಿ ಮಾಡಿಕೊಳ್ಳಲಿ ಎಂದು.

ನಮ್ಮಲ್ಲಿ ಅಂಥ ಅವಧಿ ಇಲ್ಲದಿದ್ದರೆ ಏನಾಗಬಹುದು ನೋಡಿ. 2007ರಲ್ಲಿ ಬಂದ ಸಂಧ್ಯಾ ಸುರಕ್ಷಾ ಯೋಜನೆಯ ಷರತ್ತಿನಲ್ಲಿ ಠೇವಣಿ 10,000 ರೂಪಾಯಿ ಮೀರಬಾರದು ಎಂದು ಇತ್ತು. ಪಿಂಚಣಿ ಈಗ ತಿಂಗಳಿಗೆ 1,200. ಒಂಬತ್ತು ತಿಂಗಳು ತಡವಾಗಿ ಒಟ್ಟಿಗೆ ಬಂದರೆ 10,800. ಅಜ್ಜಿ ಅದನ್ನು ಖರ್ಚು ಮಾಡದೆ ತನ್ನ ಕಫನಿಗೆ ಇರಲಿ ಎಂದು ಠೇವಣಿ ಇಟ್ಟರೆ, ಸರ್ಕಾರ ಕೊಟ್ಟ ಪಿಂಚಣಿಯೇ ಅಜ್ಜಿಯನ್ನು ಅನರ್ಹ ಮಾಡಿತು ಎಂದಾಯಿತು.

ಸರ್ಕಾರಕ್ಕೆ ಬೊಟ್ಟು ಮಾಡಿ ಮುಗಿಸುವ ಹಾಗಿಲ್ಲ. ನಮ್ಮ ಮೊಹಲ್ಲಾದಲ್ಲೂ ಇದೇ ತಪ್ಪು ಆಗುತ್ತದೆ. ಕೆಲವು ವರ್ಷಗಳ ಹಿಂದೆ ರಮಝಾನ್ ಸಹಾಯದ ಪಟ್ಟಿ ಬರೆಯಲು ನನ್ನನ್ನು ಕೂರಿಸಿದ್ದರು. ಒಂದು ಹೆಸರು ಬಂದಾಗ ಯಾರೋ, “ಅವರಿಗೆ ಮೊನ್ನೆ ಗಂಡನ ಪಿಎಫ್ ಬಂದಿದೆ, ಲಕ್ಷಗಟ್ಟಲೆ” ಎಂದರು. ನಾನೇ ಪೆನ್ನು ಹಿಡಿದು ಗೆರೆ ಎಳೆದೆ. ಆ ಹಣ ಆಸ್ಪತ್ರೆಯ ಸಾಲಕ್ಕೆ ಹೋಗಿ ಮುಗಿದಿತ್ತೆಂದು ಆಮೇಲೆ ತಿಳಿಯಿತು. ಆ ಹೆಣ್ಣುಮಗಳು ಒಂದು ಮಾತೂ ಕೇಳಲಿಲ್ಲ. ಈಗಲೂ ಎದುರು ಸಿಕ್ಕರೆ ಸಲಾಂ ಹೇಳುತ್ತಾರೆ, ನನಗೇ ಮುಖ ಎತ್ತಲು ಕಷ್ಟ. ಮಕ್ಕಳಿಗೆ ನಾನೇ ಕಲಿಸುವ ಪಾಠದಲ್ಲಿ, ನಿಸಾಬ್ ಮುಟ್ಟಿದ ಹಣ ಒಂದು ಚಾಂದ್ರ ವರ್ಷ ಕೈಯಲ್ಲಿ ಉಳಿದ ಮೇಲೆ ಝಕಾತ್ ಎಂದುಂಟು. ಸಾಲದಲ್ಲಿ ಮುಳುಗಿದವನಿಗೆ ಅದರಲ್ಲಿ ಪಾಲೂ ಉಂಟು. ಹಣ ಬಂದ ದಿನವನ್ನಲ್ಲ, ಉಳಿದದ್ದನ್ನು ನೋಡಬೇಕೆಂದು ಕಲಿಸುವವನೇ ಬಂದ ದಿನ ನೋಡಿ ಗೆರೆ ಎಳೆದೆ.

ಇನ್ನೊಂದು ಮಾತು. “ರಿಟರ್ನೇ ಹಾಕಬೇಡಿ, ಹಣವನ್ನು ಭಾವನ ಹೆಸರಲ್ಲಿ ಇಡಿ” ಎಂದು ಸಲಹೆ ಕೊಡುವವರು ಇದ್ದಾರೆ. ದಯವಿಟ್ಟು ಕೇಳಬೇಡಿ. ಅದು ಸುಳ್ಳೂ ಹೌದು, ಅಪಾಯವೂ ಹೌದು. ಭಾವ ತೀರಿಕೊಂಡರೆ ಆ ಹಣ ಅವನ ವಾರಸುದಾರರ ಕೈಗೆ ಹೋಗುತ್ತದೆ, ಮತ್ತೆ ಮನೆ ಮನೆ ನಡುವೆ ಜಗಳ. ಹಾಗೆಯೇ ನಿಜವಾಗಿ ಅನುಕೂಲ ಆದವರು, ಸ್ವಂತ ಓಡಾಟಕ್ಕೆ ಕಾರು ಇಟ್ಟವರು, ಬಿಪಿಎಲ್ ಕಾರ್ಡ್ ಹಿಡಿದುಕೊಂಡು ಕೂತರೆ ಅದು ಇನ್ನೊಬ್ಬರ ಅನ್ನ. ಅಂಥವರು ಇರುವುದರಿಂದಲೇ ಶೋಧ ನಡೆಯುತ್ತದೆ, ಆ ಶೋಧದಲ್ಲಿ ಬಡವನ ಹೆಸರೂ ಕೊಚ್ಚಿ ಹೋಗುತ್ತದೆ.

ಹಾಗಾದರೆ ನಾವು ಮಾಡಬೇಕಾದದ್ದು ಎಂತ? ಊರಿಗೆ ಖಾಯಂ ಬಂದವರು ಮೊದಲು ಬ್ಯಾಂಕಿಗೆ ಹೋಗಿ ಎನ್‌ಆರ್‌ಒ ಖಾತೆಯನ್ನು ಸಾದಾ ಖಾತೆಗೆ ಬದಲಿಸಿಕೊಳ್ಳಿ. ಇಲ್ಲಿ ವಾಸಿಸುವವರ ಎಫ್‌ಡಿ ಬಡ್ಡಿ ಒಂದು ಬ್ಯಾಂಕಿನಲ್ಲಿ ವರ್ಷಕ್ಕೆ 50,000 ದಾಟದಿದ್ದರೆ 2025ರ ಏಪ್ರಿಲ್‌ನಿಂದ ತೆರಿಗೆ ಮುರಿಯುವುದಿಲ್ಲ. ಹಿರಿಯ ನಾಗರಿಕರಿಗೆ ಈ ಮಿತಿ 1 ಲಕ್ಷ. ಅದಕ್ಕಿಂತ ಹೆಚ್ಚಿದ್ದು, ತೆರಿಗೆ ಬೀಳುವಷ್ಟು ಆದಾಯ ಇಲ್ಲದವರು ವರ್ಷದ ಆರಂಭದಲ್ಲೇ ಅದನ್ನು ತಿಳಿಸುವ ಫಾರಂ ಬ್ಯಾಂಕಿಗೆ ಕೊಡಿ. ಮುರಿಯದೇ ಇದ್ದರೆ ವಾಪಸ್ ಕೇಳುವ ಪ್ರಮೇಯವೇ ಇಲ್ಲ. ನಾನು ಹೇಳಿದ ಮನೆಯ 28,000 ಬಡ್ಡಿಗೆ ಒಂದು ರೂಪಾಯಿಯೂ ಮುರಿಯಬೇಕಾಗಿರಲಿಲ್ಲ.

ಬಾಕಿ ಹಣ ಯಾವುದೇ ಬರಲಿ, ಅದು ಯಾವ ತಿಂಗಳಿಂದ ಯಾವ ತಿಂಗಳಿನದು ಎಂದು ಕೊಟ್ಟವರಿಂದ ಬರೆಸಿಕೊಳ್ಳಿ. ಸಾಲ ತೀರಿಸಿದ ರಶೀದಿ ಎಸೆಯಬೇಡಿ. ರಿಟರ್ನ್ ಹಾಕಿದವರಿಗೆ ತೆರಿಗೆ ಇಲಾಖೆ ಲೆಕ್ಕ ನೋಡಿ ಒಂದು ಸೂಚನಾ ಪತ್ರ ಕಳುಹಿಸುತ್ತದೆ, 143(1) ಎಂದು ಅದರಲ್ಲಿ ಬರೆದಿರುತ್ತದೆ. ಕಟ್ಟಬೇಕಾದ ತೆರಿಗೆ ಸೊನ್ನೆ ಎಂದು ಅದರಲ್ಲಿ ಇದ್ದರೆ ಅದೇ ನಿಮ್ಮ ದೊಡ್ಡ ಸಾಕ್ಷಿ. ಪ್ರಿಂಟ್ ತೆಗೆದು ಅರ್ಜಿಯ ಜೊತೆ ಕೊಡಿ. ಗೃಹಲಕ್ಷ್ಮಿಗೆ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿ, ರೇಷನ್ ಕಾರ್ಡಿಗೆ ತಾಲೂಕು ಕಚೇರಿಯ ಆಹಾರ ವಿಭಾಗ. ಬಾಯಿಮಾತಿನಲ್ಲಿ ಕೇಳಿ ಬರಬೇಡಿ, ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.

ಸರ್ಕಾರವನ್ನು ಕೇಳುವುದು ಮೂರು ಸಂಗತಿ. ಕಟ್ಟಬೇಕಾದ ತೆರಿಗೆ ಸೊನ್ನೆ ಎಂದಾದವರನ್ನು ಪಾವತಿದಾರರ ಪಟ್ಟಿಯಿಂದ ಬಿಡಿ. ಬಾಕಿ ಸಂಬಳವನ್ನು ಅದು ಸೇರಿದ ವರ್ಷಗಳಿಗೆ ಹಂಚಿ ನೋಡಿ. ಹೆಸರು ತೆಗೆಯುವ ಮೊದಲು ಒಂದು ನೋಟಿಸ್ ಕೊಡಿ, ಕನ್ನಡದಲ್ಲಿ. ಜಮಾಅತ್ ಕಮಿಟಿಗಳೂ ವಾರಕ್ಕೆ ಒಂದು ಸಂಜೆ ಇಂಥ ಕಾಗದ ಓದಿ ಹೇಳಲು ಇಬ್ಬರು ಓದಿದ ಹುಡುಗರನ್ನು ಕೂರಿಸಲಿ. ಇದಕ್ಕೆ ಖರ್ಚಿಲ್ಲ, ಒಂದು ಮೇಜು ಸಾಕು.

ಆ ಉಮ್ಮನ ಅರ್ಜಿಯನ್ನು ನಾನೇ ಬರೆದುಕೊಟ್ಟೆ, ಸೂಚನಾ ಪತ್ರ ಲಗತ್ತಿಸಿ. ಸ್ವೀಕೃತಿಯ ಸೀಲ್ ಬಿದ್ದಿದೆ, ಹಣ ಇನ್ನೂ ಬಂದಿಲ್ಲ. ಅದು ಬರುವಾಗ ಹತ್ತು ಹದಿನೈದು ತಿಂಗಳದ್ದು ಒಟ್ಟಿಗೇ ಬಂದೀತು. ಆಗ ಯಾರಾದರೂ ಅವರ ಪಾಸ್‌ಬುಕ್ ನೋಡಿ, ಈ ಮನೆಗೆ ದೊಡ್ಡ ಹಣ ಬಂದಿದೆ ಎನ್ನದಿರಲಿ.