ಬುಟ್ಟಿಗೆ ಬಿದ್ದ ಚೆಂಡಿಗೆ ಲೆಕ್ಕ ಬೇಡವೇ?

ಕಾಲೇಜು ಬ್ಯಾಸ್ಕೆಟ್‌ಬಾಲ್ ಪಂದ್ಯ ಮುಗಿದ ಮಾರನೆಯ ದಿನ ಪತ್ರಿಕೆಯ ಮೂಲೆಯಲ್ಲಿ ಎರಡು ಸಾಲು ಬರುತ್ತದೆ. ಗೆದ್ದ ತಂಡ ಇಷ್ಟು, ಸೋತ ತಂಡ ಇಷ್ಟು, ಆವರಣದೊಳಗೆ ಒಬ್ಬಿಬ್ಬರ ಹೆಸರು, ಅವರ ಪಾಯಿಂಟು. ಅಷ್ಟೆ. ಸಂಜೆಗೆ ಆ ಹಾಳೆ ಕಡಲೆಕಾಯಿ ಪೊಟ್ಟಣವಾಗುತ್ತದೆ. ಲೆಕ್ಕವೂ ಅದರ ಜೊತೆಗೇ ಹೋಗುತ್ತದೆ.

ಈ ವರ್ಷ ಜಯನಗರ, ಬನಶಂಕರಿ ಕಡೆಯ ಕಾಲೇಜುಗಳಲ್ಲಿ ಅತಿ ಹೆಚ್ಚು ಪಾಯಿಂಟು ಹಾಕಿದ ಹುಡುಗ ಯಾರು, ಹುಡುಗಿ ಯಾರು? ಕೇಳಿ ನೋಡಿ. ರಣಜಿಯಲ್ಲಿ ಯಾರ ರನ್ನು ಎಷ್ಟೆಂದು ಗಾಂಧಿ ಬಜಾರಿನ ಹೋಟೆಲಿನಲ್ಲಿ ಕಾಫಿ ಆರುವ ಮುಂಚೆ ಬಾಯಿಪಾಠ ಒಪ್ಪಿಸುವವರಿದ್ದಾರೆ. ಬ್ಯಾಸ್ಕೆಟ್‌ಬಾಲ್ ಎಂದರೆ ಮಾತ್ರ, "ಯಾರೋ ಒಬ್ಬ ಉದ್ದನೆ ಹುಡುಗ ಚೆನ್ನಾಗಿ ಆಡ್ತಿದ್ದ ಕಣ್ರೀ" ಎಂಬಲ್ಲಿಗೆ ಮುಗಿಯಿತು!

ಅಮೆರಿಕದಲ್ಲಿ ಹತ್ತಾರು ವಿಶ್ವವಿದ್ಯಾಲಯಗಳು 'ಕಾನ್ಫರೆನ್ಸ್' ಎಂದು ಗುಂಪು ಕಟ್ಟಿಕೊಂಡು ಚಳಿಗಾಲವಿಡೀ ತಮ್ಮತಮ್ಮಲ್ಲೇ ಲೀಗ್ ಆಡುತ್ತವೆ. ಕೊನೆಗೆ ಪಂದ್ಯಕ್ಕೆ ಸರಾಸರಿ ಅತಿ ಹೆಚ್ಚು ಪಾಯಿಂಟು ಹಾಕಿದವರಿಗೆ ಸ್ಕೋರಿಂಗ್ ಪಟ್ಟ. ಲೂಸಿಯಾನ ಸ್ಟೇಟ್‌ನ ಪೀಟ್ ಮರಾವಿಚ್ 1968, 1969, 1970 ಮೂರು ವರ್ಷವೂ ತನ್ನ ಕಾನ್ಫರೆನ್ಸಿನ ಪಟ್ಟವನ್ನೂ ದೇಶದ ಪಟ್ಟವನ್ನೂ ಬಿಟ್ಟುಕೊಡಲಿಲ್ಲ. 83 ಪಂದ್ಯ, 3,667 ಪಾಯಿಂಟು, ಸರಾಸರಿ 44.2. ಆಗ ಮೂರು ಪಾಯಿಂಟಿನ ಗೆರೆಯೂ ಇರಲಿಲ್ಲ! 2024ರಲ್ಲಿ ಅಯೋವದ ಕೇಟ್ಲಿನ್ ಕ್ಲಾರ್ಕ್ ಅದನ್ನು ದಾಟಿ 3,951 ಮುಟ್ಟಿದಾಗ, ಆಕೆ ಆಡಿದ ಪಂದ್ಯ ಹೆಚ್ಚು, ಗೆರೆಯೂ ಇತ್ತು ಅಂತ ಜಗಳವೋ ಜಗಳ. ಜಗಳ ಆಡಲಿಕ್ಕಾದರೂ ಲೆಕ್ಕ ಇರಬೇಕಲ್ಲ ಸ್ವಾಮಿ!

ನಮ್ಮಲ್ಲಿ ಬರೆಯುವುದಿಲ್ಲವೇ? ಬರೆಯುತ್ತಾರೆ. ಮೇಜಿನ ಹಿಂದೆ ಕೂತ ಸ್ಕೋರರ್ ಪ್ರತಿ ಬ್ಯಾಸ್ಕೆಟ್ಟಿಗೂ ಹಾಕಿದವರ ನಂಬರು ಬರೆಯುತ್ತಾನೆ. ಎರಡು ಪಾಯಿಂಟಿಗೆ ಓರೆಗೆರೆ, ಫ್ರೀ ಥ್ರೋಗೆ ಚುಕ್ಕೆ, ಮೂರಾದರೆ ನಂಬರಿನ ಸುತ್ತ ಸೊನ್ನೆ. ಅಂತರರಾಷ್ಟ್ರೀಯ ನಿಯಮದಂತೆ ಈ ಹಾಳೆಗೆ ಮೂಲಪ್ರತಿಯಲ್ಲದೆ ಮೂರು ನಕಲು. ಗೆದ್ದವರಿಗೆ ಗುಲಾಬಿ, ಸೋತವರಿಗೆ ಹಳದಿ. ಪಟ್ಟಕ್ಕೆ ಬೇಕಾದ್ದೆಲ್ಲ ಅದರಲ್ಲೇ ಉಂಟು. ಅದನ್ನು ಫೈಲಿಗೆ ಹಾಕಿ, ವರ್ಷದ ಕೊನೆಗೆ ಕೂಡಿ, ನೋಟಿಸ್ ಬೋರ್ಡಿಗೆ ಅಂಟಿಸುವ ಕೆಲಸವೊಂದು ಬಾಕಿ.

2017ರ ಜುಲೈನಲ್ಲಿ ನಮ್ಮ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲೇ ಭಾರತದ ವನಿತೆಯರು ಕಜಕಸ್ತಾನವನ್ನು 75-73ರಿಂದ ಸೋಲಿಸಿ ಏಷ್ಯಾ ಕಪ್ 'ಬಿ' ವಿಭಾಗ ಗೆದ್ದರು. ಅಲ್ಲಿ ಯಾರು ಎಷ್ಟು ಹಾಕಿದರೆಂಬುದು ಇವತ್ತಿಗೂ ಸಿಗುತ್ತದೆ. ಅಂತರರಾಷ್ಟ್ರೀಯ ಸಂಸ್ಥೆ ಕೇಳಿತು, ಇಟ್ಟರು. ಕಾಲೇಜು ಮಕ್ಕಳ ಪರವಾಗಿ ಕೇಳುವವರು ಯಾರು?

ಇನ್ನೊಂದು ತೊಡಕು ನಾಕೌಟಿನದು. ಮೊದಲ ಸುತ್ತಿನಲ್ಲೇ ತಂಡ ಸೋತರೆ ಮೂವತ್ತು ಪಾಯಿಂಟು ಹಾಕಿದವಳೂ ಆ ವರ್ಷದ ಮಟ್ಟಿಗೆ ಮನೆಗೆ. ಮೇಲಾಗಿ ನೆರೆಹೊರೆಯವರೇ ಎದುರಾಗುವುದಿಲ್ಲ! ಬಸವನಗುಡಿಯ ಬಿ.ಎಂ.ಎಸ್. ಇಂಜಿನಿಯರಿಂಗ್ ಕಾಲೇಜು ಬೆಳಗಾವಿಯ ವಿ.ಟಿ.ಯು.ಗೆ ಸೇರಿದ್ದು, ಬನಶಂಕರಿಯ ಪಿ.ಇ.ಎಸ್. 2013ರಿಂದ ತಾನೇ ಒಂದು ವಿಶ್ವವಿದ್ಯಾಲಯ. ಜಯನಗರದ ಪದವಿ ಕಾಲೇಜುಗಳದ್ದು ಬೇರೆ ದಾರಿ. ಒಂದೇ ಬಸ್ಸಿನಲ್ಲಿ ಓಡಾಡುವ ಮಕ್ಕಳು ಒಂದೇ ಪಂದ್ಯಾವಳಿಯಲ್ಲಿಲ್ಲ.

ಇದು ಬರೀ ಹೆಗ್ಗಳಿಕೆಯ ಮಾತಲ್ಲ. ವಿಶ್ವವಿದ್ಯಾಲಯದ ತಂಡಕ್ಕೆ ಸೇರಿದರೆ ಮುಂದೆ ಕ್ರೀಡಾ ಕೋಟಾದ ಬಾಗಿಲು ತಟ್ಟಬಹುದು. ಹಿಂದೆ ಬ್ಯಾಸ್ಕೆಟ್‌ಬಾಲ್ ತಂಡ ಸಾಕಿದ್ದ ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡದೊಳಗೆ ಕರಗಿಹೋಯಿತು; ಉಳಿದ ಬಾಗಿಲುಗಳ ಮುಂದೆ ನೂಕುನುಗ್ಗಲು. ಹೀಗಿರುವಾಗ ಒಂದು ಬೆಳಗಿನ ಆಯ್ಕೆ ಟ್ರಯಲ್ಸೇ ಹಣೆಬರಹವಾದರೆ ಹೇಗೆ? ವರ್ಷದ ಪಟ್ಟಿ ಮೇಜಿನ ಮೇಲಿದ್ದರೆ, ಪಂದ್ಯಕ್ಕೆ ಇಪ್ಪತ್ತು ಪಾಯಿಂಟು ಹಾಕಿದವಳನ್ನು ಬಿಟ್ಟಿದ್ದೇಕೆಂದು ಆಯ್ಕೆದಾರರು ಬಾಯಿ ಬಿಡಲೇಬೇಕಾಗುತ್ತದೆ.

"ಪಟ್ಟ ಇಟ್ರೆ ಹುಡುಗ್ರು ಪಾಸೇ ಮಾಡಲ್ಲ ಸಾರ್" ಎನ್ನುವ ಪಿ.ಟಿ. ಮೇಷ್ಟ್ರ ಮಾತಿನಲ್ಲೂ ಹುರುಳಿದೆ. ಮರಾವಿಚ್ ಅಷ್ಟೆಲ್ಲ ಹಾಕಿದರೂ ಅವನ ತಂಡ ಆ ಮೂರು ವರ್ಷ ಎನ್.ಸಿ.ಎ.ಎ. ರಾಷ್ಟ್ರೀಯ ಪಂದ್ಯಾವಳಿಯ ಮುಖ ನೋಡಲಿಲ್ಲ. ಹಾಗಾದರೆ ಪಾಸ್ ಕೊಟ್ಟವರ ಲೆಕ್ಕವನ್ನೂ ಇಡಿ, ಬೇಡ ಎಂದವರಾರು?

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಯ ಎಂಟು ಕಾಲೇಜುಗಳ ದೈಹಿಕ ಶಿಕ್ಷಣ ನಿರ್ದೇಶಕರು ಒಂದು ಸಂಜೆ ಒಟ್ಟಿಗೆ ಕೂತರೆ ಭಾನುವಾರದ ಲೀಗ್ ತಯಾರು. ತಂಡಕ್ಕೆ ಏಳು ಪಂದ್ಯ, ಒಟ್ಟು 28 ಹಾಳೆ, ಒಂದು ಫೈಲು. ಪಟ್ಟಿ ಕಳುಹಿಸಿಕೊಟ್ಟರೆ ಈ ಅಂಕಣದಲ್ಲಿ ಜಾಗ ನಾವು ಕೊಡುತ್ತೇವೆ.