ಉಮ್ಮನ ಧ್ವನಿ ಯಾವ ಫೋಲ್ಡರಿನಲ್ಲಿದೆ?

ನಮ್ಮ ಬ್ಯಾರಿ ಮನೆಗಳಲ್ಲಿ ಹಿರಿಯರ ಕತೆ, ಮದುವೆಯ ಪಾಟ್ ಈಗ ವಾಟ್ಸ್‌ಆ್ಯಪ್ ಧ್ವನಿ ಸಂದೇಶಗಳಲ್ಲೂ ಇವೆ. ಫೋನ್ ತುಂಬಿದಾಗ ಎಲ್ಲವನ್ನೂ ಕಂಪ್ಯೂಟರಿಗೆ ಸುರಿಯುತ್ತೇವೆ. ಅಲ್ಲಿ ಒಂದೊಂದೇ ಫೋಲ್ಡರ್ ತೆರೆದು ಹುಡುಕುವ ಬದಲು ಮಕ್ಕಳಿಗೆ ಯುನಿಕ್ಸಿನ 'ಫೈಂಡ್' ಕಲಿಸಬೇಕು ಎಂಬುದು ನನ್ನ ವಾದ. ಲಿನಕ್ಸ್, ಮ್ಯಾಕ್ ಎರಡರಲ್ಲೂ ಅದಿದೆ. 'ಓಪಸ್' ಎಂದು ಮುಗಿಯುವ ಫೈಲುಗಳು ಬೇಕೆಂದರೆ ಒಳಗಿನ ಫೋಲ್ಡರುಗಳನ್ನೂ ಜಾಲಾಡಿ ಪಟ್ಟಿ ಕೊಡುತ್ತದೆ.

ಫೈಲು ಸಾಗಿಸುವ 'ಎಂವಿ' ಬಗ್ಗೆ ಮಾತ್ರ ಹುಷಾರು. ಆ ಫೈಲುಗಳ ಹೆಸರಿನಲ್ಲಿ ಇರುವುದು ತಾರೀಕು, ಕ್ರಮಸಂಖ್ಯೆ ಅಷ್ಟೇ. ಉಮ್ಮನ ಫೋನಿನಲ್ಲೂ ಮಾಮನ ಫೋನಿನಲ್ಲೂ ಒಂದೇ ಹೆಸರಿನ ಬೇರೆ ಬೇರೆ ಫೈಲುಗಳಿರಬಹುದು. ಎರಡನ್ನೂ ಒಂದೇ ಫೋಲ್ಡರಿಗೆ ಸಾಗಿಸಿದರೆ ಎಂವಿ ಸಾಮಾನ್ಯವಾಗಿ ಒಂದು ಮಾತೂ ಕೇಳದೆ ಮೊದಲಿನದರ ಜಾಗದಲ್ಲಿ ಎರಡನೆಯದನ್ನು ಕೂರಿಸುತ್ತದೆ. ಹೋದದ್ದು ಕಸದ ಬುಟ್ಟಿಯಲ್ಲೂ ಸಿಗದು. ಜೊತೆಗೆ 'ಹೈಫನ್ ಎನ್' ಬರೆದರೆ ಇದ್ದ ಫೈಲನ್ನು ಮುಟ್ಟುವುದಿಲ್ಲ.

ಹಾಗಾಗಿ ಮೊದಲು ಇನ್ನೊಂದು ಡಿಸ್ಕಿಗೆ ನಕಲು, ಆಮೇಲೆ ಫೈಂಡ್ ಕೊಟ್ಟ ಪಟ್ಟಿಯ ಓದು, ಕೊನೆಗೆ ಸಾಗಣೆ. ಒಬ್ಬೊಬ್ಬರ ಫೋನಿಗೂ ಬೇರೆ ಫೋಲ್ಡರ್. ನಮ್ಮ ಭಾಷೆ ಬರಹಕ್ಕಿಂತ ಬಾಯಲ್ಲೇ ಹೆಚ್ಚು ಬಾಳಿದ್ದು. ಆ ಬಾಯಿಯ ಮಾತು ಅಳಿದರೆ ಯಾವ ಆದೇಶವೂ ಅದನ್ನು ಹುಡುಕಿ ಕೊಡದು.