ಕಲಿಕೆಗೆ ನೆರವು: ಕೊಡುವ ಮುನ್ನ ಕೇಳಬೇಕಾದ ಪ್ರಶ್ನೆ

2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಉಡುಪಿ ಜಿಲ್ಲೆ ಶೇಕಡಾ 94 ಫಲಿತಾಂಶದೊಂದಿಗೆ ರಾಜ್ಯಕ್ಕೆ ಪ್ರಥಮ ಸ್ಥಾನ ಗಳಿಸಿತು. ದಕ್ಷಿಣ ಕನ್ನಡ ದ್ವಿತೀಯ. ಕೊನೆಯ ಸ್ಥಾನದ ಯಾದಗಿರಿಯ ಫಲಿತಾಂಶ ಶೇಕಡಾ 50.59. ಪ್ರಶ್ನೆಪತ್ರಿಕೆ ಒಂದೇ, ಅಂತರ ಮಾತ್ರ ಇಷ್ಟು ದೊಡ್ಡದು. ಕರಾವಳಿಯ ಸಾಧನೆಗೆ ಹೆಮ್ಮೆಪಡುವ ನಾವು ಘಟ್ಟದ ಆಚೆಗಿನ ಮಕ್ಕಳ ಬಗ್ಗೆಯೂ ಯೋಚಿಸಬೇಕಾಗಿದೆ.

ಯಾದಗಿರಿಯಂತೆ ವಿಜಯನಗರವೂ 371(ಜೆ) ವಿಧಿಯ ವ್ಯಾಪ್ತಿಗೆ ಸೇರಿದ ಜಿಲ್ಲೆ. 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟ ಈ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲೂಕುಗಳಲ್ಲಿ ಬಹಳಷ್ಟು ಕುಟುಂಬಗಳು ಮಳೆಯನ್ನೇ ನಂಬಿ ಬದುಕುತ್ತವೆ. ಮಳೆ ಕೈಕೊಟ್ಟರೆ ಗುಳೆ ಹೋಗುವುದು ಅನಿವಾರ್ಯ. ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಮಲೆನಾಡಿನ ಕಾಫಿ ತೋಟಗಳಿಗೆ ತಂದೆತಾಯಿ ಹೊರಟಾಗ ಮಕ್ಕಳ ಶಾಲೆ ತಪ್ಪುತ್ತದೆ. ಮರಳಿ ಬಂದ ಮಗು ವಯಸ್ಸಿಗೆ ತಕ್ಕ ತರಗತಿಯಲ್ಲಿ ಕುಳಿತುಕೊಳ್ಳುತ್ತದೆ. ಆದರೆ ಪಾಠ ಮುಂದೆ ಹೋಗಿರುತ್ತದೆ. ಐದನೆಯ ತರಗತಿಯಲ್ಲಿ ಓದಲು ಬಾರದ ಮಗು ಹತ್ತನೆಯದರಲ್ಲಿ ಅನುತ್ತೀರ್ಣವಾದರೆ ಆಶ್ಚರ್ಯವೇನು? ಆಮೇಲೆ ಅದರ ಪಾಲಿಗೂ ಗುಳೆಯೇ.

ಇಂತಹ ಊರುಗಳಿಗೆ ನೆರವೆಂದರೆ ನಮಗೆ ತಕ್ಷಣ ನೆನಪಾಗುವುದು ಪುಸ್ತಕ, ಬ್ಯಾಗು, ಕಂಪ್ಯೂಟರು. ಕೊಡುವ ಮನಸ್ಸು ದೊಡ್ಡದು, ನಿಜ. ಆದರೆ ಅದರಿಂದ ಮಗು ಓದಲು ಕಲಿಯುತ್ತದೆಯೇ? ವಿಶ್ವಬ್ಯಾಂಕ್ ಮತ್ತು ಬ್ರಿಟನ್ ಸರ್ಕಾರದ ಬೆಂಬಲದ ತಜ್ಞರ ಸಮಿತಿಯೊಂದು 2020 ಹಾಗೂ 2023ರಲ್ಲಿ ನಾನಾ ದೇಶಗಳ ಅಧ್ಯಯನಗಳನ್ನು ಪರಿಶೀಲಿಸಿತು. ಬೋಧನೆಯ ಕ್ರಮ ಬದಲಾಗದೆ ಬರೇ ಸಲಕರಣೆ ಕೊಟ್ಟರೆ ಕಲಿಕೆ ಸುಧಾರಿಸುವುದಿಲ್ಲ ಎಂಬುದು ಅದರ ನಿರ್ಣಯ. ಮಗುವಿನ ತರಗತಿಯನ್ನು ನೋಡದೆ ಕಲಿಕೆಯ ಮಟ್ಟವನ್ನು ನೋಡಿ ಕಲಿಸುವುದು ಅದು ಶಿಫಾರಸು ಮಾಡಿದ ಕ್ರಮಗಳಲ್ಲಿ ಮುಖ್ಯವಾದುದು.

ಇದಕ್ಕೆ ಆಧಾರ ನಮ್ಮ ದೇಶದಲ್ಲೇ ಇದೆ. 2001ರಿಂದ 2003ರವರೆಗೆ ಮುಂಬಯಿ ಮತ್ತು ವಡೋದರದ ಶಾಲೆಗಳಲ್ಲಿ ಪ್ರಥಮ್ ಸಂಸ್ಥೆ ಹಿಂದುಳಿದ ಮಕ್ಕಳಿಗೆ ದಿನಕ್ಕೆ ಸುಮಾರು ಎರಡು ಗಂಟೆ ಪ್ರತ್ಯೇಕ ಪಾಠ ನಡೆಸಿತು. ಕಲಿಸಿದವರು ಅಲ್ಪಾವಧಿ ತರಬೇತಿ ಪಡೆದ ಸ್ಥಳೀಯ ಯುವತಿಯರು. ಮಕ್ಕಳ ಕಲಿಕೆ ಸುಧಾರಿಸಿತು. ಇದನ್ನು ಅಧ್ಯಯನ ಮಾಡಿದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ 2019ರ ನೊಬೆಲ್ ಅರ್ಥಶಾಸ್ತ್ರ ಪ್ರಶಸ್ತಿಯನ್ನು ಹಂಚಿಕೊಂಡರು. ನಮ್ಮ ರಾಜ್ಯದ ನಾಲ್ಕು, ಐದನೆಯ ತರಗತಿಗಳಲ್ಲಿ ನಡೆದ 'ಓದು ಕರ್ನಾಟಕ' ಕಾರ್ಯಕ್ರಮದ ಮೂಲವೂ ಇದೇ.

ಆದರೆ ಒಂದು ಎಚ್ಚರಿಕೆ ಅಗತ್ಯ. ಬಿಹಾರದಲ್ಲಿ ಶಿಕ್ಷಕರಿಗೆ ತರಬೇತಿ, ಸಾಮಗ್ರಿ ಕೊಟ್ಟು ಸುಮ್ಮನಾದಾಗ ಹೆಚ್ಚೇನೂ ಫಲ ದೊರೆಯಲಿಲ್ಲ. ಅವರು ಎಂದಿನಂತೆ ಪಠ್ಯ ಮುಗಿಸುವುದರಲ್ಲೇ ಉಳಿದರು. ಹರಿಯಾಣದಲ್ಲಿ ಇದಕ್ಕೆಂದೇ ದಿನಕ್ಕೆ ಒಂದು ಗಂಟೆ ಮೀಸಲಿಟ್ಟು, ಮಕ್ಕಳನ್ನು ಮಟ್ಟಕ್ಕೆ ತಕ್ಕಂತೆ ಗುಂಪು ಮಾಡಿ, ಮೇಲ್ವಿಚಾರಕರು ನಿಯಮಿತವಾಗಿ ಭೇಟಿ ಕೊಟ್ಟಾಗ ಓದು ಸುಧಾರಿಸಿತು. ವಿಧಾನ ಒಳ್ಳೆಯದಾದರೆ ಸಾಲದು, ಅದನ್ನು ಬಿಡದೆ ನಡೆಸುವವರೂ ಬೇಕು.

ಇಲ್ಲಿಯೇ ಧರ್ಮಸಭೆಗೆ ಕೆಲಸವಿದೆ. ಒಳನಾಡಿನ ಶಾಲೆ, ಬೋರ್ಡಿಂಗ್‌ಗಳಲ್ಲಿ ದುಡಿಯುವ ಧರ್ಮಗುರುಗಳು ಹಾಗೂ ಧರ್ಮಭಗಿನಿಯರಲ್ಲಿ ಕರಾವಳಿಯಿಂದ ಹೋದವರು ಅನೇಕರು. ನಮ್ಮ ಧರ್ಮಕೇಂದ್ರಗಳು, ಸಂಘಗಳು ಅವರಿಗೆ ಹಣ ಕಳುಹಿಸುವಾಗ ಮೂರು ಪ್ರಶ್ನೆ ಕೇಳಲಿ. ಎಷ್ಟು ಮಕ್ಕಳು ಒಂದು ಸರಳ ಪರಿಚ್ಛೇದವನ್ನು ಓದಬಲ್ಲರು? ಓದಲಾರದವರಿಗೆ ದಿನವೂ ಪ್ರತ್ಯೇಕ ಸಮಯವಿದೆಯೇ? ಮೂರು ತಿಂಗಳ ಬಳಿಕ ಮತ್ತೆ ಪರೀಕ್ಷಿಸಿ ನೋಡುವವರು ಯಾರು? ಊರಿನ ಪಿಯುಸಿ ಮುಗಿಸಿದ ಯುವತಿಯೊಬ್ಬಳಿಗೆ ವರ್ಷವಿಡೀ ಗೌರವಧನ ಕೊಡುವುದು ಕಂಪ್ಯೂಟರ್ ಕೊಠಡಿಯ ಉದ್ಘಾಟನೆಯಂತೆ ಫೋಟೋಗೆ ಒದಗುವುದಿಲ್ಲ. ಗುಳೆಯಿಂದ ಮರಳಿದ ಮಗುವಿಗೆ ಮಾತ್ರ ಅದು ಒದಗುತ್ತದೆ.

ತೊಂಬತ್ತೊಂಬತ್ತನ್ನು ಬಿಟ್ಟು ತಪ್ಪಿಹೋದ ಒಂದನ್ನು ಹುಡುಕಿಹೋದ ಕುರುಬನ ಕಥೆ ನಮಗೆಲ್ಲ ಗೊತ್ತು. ನಮ್ಮ ಶಾಲೆಗಳಲ್ಲಿ ಆ ಒಂದು ಕುರಿ ಹಿಂದಿನ ಬೆಂಚಿನಲ್ಲಿ ಕುಳಿತಿದೆ.